ಹಜ್ಜಾಳ ಪರಿಮಳ

ನಾಬುಲ್ ಊರಿನ ಕುಂಬಾರರ ಓಣಿಯಲ್ಲಿ ಮನ್ನೂಬಿಯಾಳ ಮೂಗಿಗೆ ಹೆದರದವರು ಇರಲಿಲ್ಲ. ಅವಳ ನಾಲಿಗೆಗೆ ಹೆದರದವರು ಬೇಕಾದಷ್ಟು ಜನ ಇದ್ದರು, ಏಕೆಂದರೆ ನಮ್ಮ ಓಣಿಯಲ್ಲಿ ನಾಲಿಗೆಗೆ ಬರವಿಲ್ಲ. ಮೂಗಿನ ಮಾತು ಬೇರೆ. ಬಾಗಿಲಾಚೆ ನಿಂತವರು ಬೆಳಿಗ್ಗೆ ಏನು ತಿಂದು ಬಂದರು, ನಿನ್ನೆಯ ಸಾರನ್ನೇ ಬಿಸಿ ಮಾಡಿ ಬೀಗರಿಗೆ ಬಡಿಸಿದವರು ಯಾರು, ಹಮಾಮಿಗೆ ಸ್ನಾನಕ್ಕೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬೇರೆಲ್ಲೋ ಹೋಗಿ ಬಂದವರು ಯಾರು, ಎಲ್ಲ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಗೊತ್ತಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಹೆಂಗಸೂ ಅವಳಲ್ಲ. ಅವಳು ಹೊಸ್ತಿಲು ದಾಟಿ ಒಳಗೆ ಬಂದು ಒಮ್ಮೆ ಉಸಿರೆಳೆದುಕೊಂಡರೆ ಮನೆಯೊಡತಿಯರು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು.

ವಸಂತದಲ್ಲಿ ಮಾತ್ರ ಅದೇ ಮೂಗು ಎಲ್ಲರಿಗೂ ಬೇಕು. ಕಹಿ ಕಿತ್ತಳೆ ಹೂ ಬಿಟ್ಟಾಗ ಹೂವಿನ ನೀರು ಇಳಿಸಿಕೊಳ್ಳದ ಮನೆ ಇಲ್ಲಿ ಮನೆಯೇ ಅಲ್ಲ. ಕೂಸಿನ ಹೊಟ್ಟೆನೋವಿಗೆ ಅದೇ ನೀರು, ಕಾಫಿಗೆ ಅದರದೇ ಹನಿ, ಮದುಮಗಳ ಅಂಗೈಗೂ ಅದೇ, ಹೆಣದ ಹಣೆಗೂ ಅದೇ. ತಾಮ್ರದ ಹಂಡೆಯಲ್ಲಿ ಹೂವು ತುಂಬಿ ನೀರು ಹಾಕುತ್ತಾರೆ. ಮೇಲೆ ಕತ್ತಾರ್ ಎನ್ನುವ ಗುಮ್ಮಟದ ಮುಚ್ಚಳ ಕೂರಿಸಿ, ಅದರ ನೆತ್ತಿಗೆ ತಣ್ಣೀರು ಹೊಯ್ಯುತ್ತಾರೆ. ಪಕ್ಕದ ಕೊಳವೆಯಿಂದ ಹುಲ್ಲಿನ ಅಂಗಿ ತೊಟ್ಟ ಗಾಜಿನ ಬುದ್ದಲಿಗೆ ಹನಿ ಬೀಳತೊಡಗುತ್ತದೆ. ಉರಿ ಹಾಕುವುದು ಯಾರಿಗಾದರೂ ಬರುತ್ತದೆ, ನಿಲ್ಲಿಸುವುದು ಬರುವುದಿಲ್ಲ. ಹನಿ ಬೀಳುತ್ತಿರುವಾಗ ಆಸೆ ಬಿಡುವುದಿಲ್ಲ, ಇನ್ನೊಂದು ಲೋಟ ಆಗಲಿ ಎಂದು ಕೂತರೆ ಬೆಂದ ಹೂವಿನ ಕಮಟು ಇಳಿದು ಇಡೀ ಬುದ್ದಲಿ ಕೆಡುತ್ತದೆ. ಮನ್ನೂಬಿಯಾ ಕೊಳವೆಯ ಬಾಯಿಯ ಪಕ್ಕ ಒಂದು ಮಣೆ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದಳು. ಅವಳು "ಸಾಕು" ಎಂದರೆ ಸಾಕು. ಅರ್ಧ ಓಣಿಯ ಹೂವು ಅವಳ ಅಂಗಳಕ್ಕೇ ಬರುತ್ತಿತ್ತು.

ಆ ಮಣೆ ಅವಳ ಅತ್ತೆಯದು. ಅತ್ತೆ ಸಾಯುವ ಮುಂಚೆ ಮಣೆಯನ್ನು ಸ್ವಂತ ಮಗಳು ಸಲ್ಲೂಹಾಳಿಗೆ ಕೊಡದೆ ಸೊಸೆಗೆ ಕೊಟ್ಟಿದ್ದಳು. ಎದುರು ಮನೆಗೇ ಮದುವೆಯಾಗಿ ಹೋಗಿದ್ದ ಸಲ್ಲೂಹಾ ಅದನ್ನು ಮರೆಯಲಿಲ್ಲ, ಮನ್ನೂಬಿಯಾ ಮರೆಯಲು ಬಿಡಲೂ ಇಲ್ಲ. ನಾದಿನಿಯ ಕೈಯಡುಗೆಯನ್ನು ಅವಳು ಮದುವೆಯಾಗಿ ಬಂದ ದಿನದಿಂದ ಒಂದು ಸಲ ಹೊಗಳಿದವಳಲ್ಲ. ಇಬ್ಬರೂ ದಿನಕ್ಕೆರಡು ಸಲ ಜಗಳವಾಡುತ್ತಿದ್ದರು. ಒಂದು ದಿನ ಜಗಳ ತಪ್ಪಿದರೆ ಮೈ ಸರಿಯಿಲ್ಲವೇನೋ ಎಂದು ಒಬ್ಬರನ್ನೊಬ್ಬರು ನೋಡಲು ಹೋಗುತ್ತಿದ್ದರು.

ಇಂಥ ಮೂಗು ಒಂದು ಚಳಿಗಾಲದಲ್ಲಿ ಹೋಯಿತು. ಜ್ವರ ಬಂತು, ನೆಗಡಿ ಬಂತು, ಎರಡೂ ಹೋದವು. ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋದವು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರನ್ನು ಕಂಡು ಜನ ನಗುತ್ತಾರೆ. ಮನ್ನೂಬಿಯಾ ಕೊಯ್ದುಕೊಂಡಿರಲಿಲ್ಲ, ಆದರೂ ಮೂಗು ಬರೀ ಮುಖದ ಅಲಂಕಾರಕ್ಕೆ ಉಳಿಯಿತು. ಒಲೆಯ ಮೇಲಿನ ಕುಸ್ಕುಸ್ ತಳ ಹಿಡಿದು ಹೊಗೆ ಕಣ್ಣಿಗೆ ಬಿದ್ದಾಗಲೇ ಅವಳಿಗೆ ಅದು ತಿಳಿದದ್ದು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಕಳೆದ ವರ್ಷದ ಹೂವಿನ ನೀರಿನ ಬಿರಡೆ ತೆಗೆದು ಮೂಗಿಗೆ ಹಿಡಿದಳು. ಬಾವಿಗೆ ಕಲ್ಲು ಹಾಕಿದರೂ ಸದ್ದು ಕೇಳದ ಹಾಗಿತ್ತು. ಅವಳಿಗೆ ಅಳು ಬಂತು, ಅತ್ತಳು. ಆಮೇಲೆ ಮುಖ ತೊಳೆದುಕೊಂಡು, ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದಳು.

ಹೇಳಿದರೆ ಓಣಿಯವರು ನಗುತ್ತಾರೆ ಎಂಬ ಹೆದರಿಕೆ ಅವಳಿಗಿರಲಿಲ್ಲ. ಅಯ್ಯೋ ಪಾಪ ಎನ್ನುತ್ತಾರಲ್ಲ, ಅದನ್ನು ತಡೆದುಕೊಳ್ಳುವುದು ಹೇಗೆ? ಮೂಗನ್ನು ಮುಂದಿಟ್ಟುಕೊಂಡು ಅಷ್ಟು ವರ್ಷ ಯಾರ ಯಾರ ಅಡುಗೆಮನೆಗಳನ್ನು ಜಾಲಾಡಿದಳೋ ಅವರ ಕೈಯಲ್ಲೇ ಅಯ್ಯೋ ಪಾಪ ಅನ್ನಿಸಿಕೊಳ್ಳುವುದು. ಅದಕ್ಕಿಂತ ಹೆಚ್ಚಾಗಿ, ಆ ಮಣೆ. ವಸಂತ ಬಂದೇ ಬರುತ್ತದೆ, ಹೂವು ಬಂದೇ ಬರುತ್ತದೆ. ಮಣೆಯ ಮೇಲೆ ಕೂರಲಾಗದಿದ್ದರೆ ಮನ್ನೂಬಿಯಾ ಎಂದರೆ ಯಾರು? ಓಣಿಯ ಇನ್ನೊಬ್ಬ ಮುದುಕಿ, ಅಷ್ಟೇ.

ಮನೆಯಲ್ಲಿ ಅವಳನ್ನು ಹಿಡಿದು ಕೇಳುವವರೂ ಇರಲಿಲ್ಲ. ಗಂಡ ಖಮೈಸ್ ಗಡಿಗೆ ಮಾಡಿ ಮಾಡಿ ಈಗ ತಿಗರಿಯನ್ನು ಬೇರೆ ಮನೆ ಮಾಡಿದ್ದ ಮಗನಿಗೆ ಬಿಟ್ಟುಕೊಟ್ಟಿದ್ದವನು. ಬಾಲ್ಯದಿಂದ ನಶ್ಯ ಏರಿಸಿ ಏರಿಸಿ ಅವನ ಮೂಗು ಯಾವ ಕಾಲದಲ್ಲೋ ಕೈಬಿಟ್ಟಿತ್ತು. ಒಂದು ಮನೆ, ಎರಡು ಮೂಗು, ಎರಡಕ್ಕೂ ಗಾಳಿ ಎಳೆಯುವುದೊಂದೇ ಕೆಲಸ. ಆ ಮನೆಯಲ್ಲೇ ಹಜ್ಜಾ ಇದ್ದಳು.

ಹಜ್ಜಾ ಎಂದರೆ ಹುಳು. ಮುಂಗಾಲೆರಡನ್ನೂ ಕೈಮುಗಿದಂತೆ ಜೋಡಿಸಿ ನಿಲ್ಲುತ್ತದಲ್ಲ, ಕನ್ನಡದಲ್ಲಿ ಸೂರ್ಯನ ಕುದುರೆ ಎನ್ನುತ್ತಾರಲ್ಲ, ಅದು. ಇಲ್ಲಿಯವರಿಗೆ ಅದು ಪ್ರವಾದಿಯ ಕುದುರೆ. ಅದನ್ನು ಕೊಲ್ಲುವ ಹಾಗಿಲ್ಲ, ಮನೆಗೆ ಬಂದರೆ ಓಡಿಸುವ ಹಾಗಿಲ್ಲ. ಹಿಂದಿನ ಶರತ್ಕಾಲದಲ್ಲಿ ಅಂಗಳದ ಕಿತ್ತಳೆ ಮರದಲ್ಲಿ ಒಣ ಕಡ್ಡಿಯಂತೆ ನೇತಾಡುತ್ತಿದ್ದ ಮರಿಯನ್ನು ಖಮೈಸ್ ಕಂಡ. ತಲೆಯ ಮೇಲೆ ಕುಲಾವಿಯಂಥ ಕೋಡು, ಮುಖದಲ್ಲಿ ಯಾರ ಮೇಲೋ ಮುನಿಸಿಕೊಂಡ ಗಾಂಭೀರ್ಯ. ಹಾಡುಹಕ್ಕಿ ಸತ್ತು ಖಾಲಿಯಾಗಿದ್ದ ಪಂಜರಕ್ಕೆ ಸೊಸೆಯ ಮದುವೆಯ ಮುಸುಕಿನ ಬಲೆಬಟ್ಟೆ ಸುತ್ತಿ ಅದನ್ನು ಒಳಗೆ ಬಿಟ್ಟ. ಹುಳು ಹೋಗಿ ಪಂಜರದ ಆಗ್ನೇಯ ಮೂಲೆ ಹಿಡಿದು ಕೈಮುಗಿದು ನಿಂತಿತು. ಅದು ಮಕ್ಕಾದ ದಿಕ್ಕು. ಪಾಸ್‌ಪೋರ್ಟ್ ಇಲ್ಲದೆ, ಹಡಗು ಹತ್ತದೆ ಹಜ್ ಯಾತ್ರೆ ಮುಗಿಸಿದವಳು ಇಡೀ ಓಣಿಯಲ್ಲಿ ಇವಳೊಬ್ಬಳೇ ಎಂದು ಮನ್ನೂಬಿಯಾ ಅದಕ್ಕೆ ಹಜ್ಜಾ ಎಂದು ಹೆಸರಿಟ್ಟಳು. ಬೆಳಿಗ್ಗೆ ಬಿಸಿಲು ಆ ಮೂಲೆಗೇ ಬೀಳುತ್ತಿತ್ತು ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ.

ಉಪಚಾರವೋ ಉಪಚಾರ. ಪಂಜರದ ತಳಕ್ಕೆ ಕುರಿಯುಣ್ಣೆಯ ಮೆತ್ತೆ ಹಾಸಿದರು, ಪ್ರವಾದಿಯ ಕುದುರೆಗೆ ಚಳಿಯಾಗಬಾರದು. ಚಳಿಗಾಲದಲ್ಲಿ ನೊಣ ಸಿಗದಿದ್ದಾಗ ಮನ್ನೂಬಿಯಾ ಬಕ್ರೀದಿನ ಒಣಮಾಂಸವನ್ನು ನೀರಲ್ಲಿ ನೆನೆಸಿ, ಎಳೆ ಬಿಡಿಸಿ, ದಾರಕ್ಕೆ ಕಟ್ಟಿ ಅದರ ಮುಂದೆ ಆಡಿಸುತ್ತಿದ್ದಳು. ಹಜ್ಜಾ ಗಬಕ್ಕನೆ ಹಿಡಿದು ನಾಲ್ಕು ಸಲ ಜಗಿದು ಉಳಿದದ್ದನ್ನು ಕೈಬಿಡುತ್ತಿದ್ದಳು. ಅದು ಉಣ್ಣೆಯೊಳಗೆ ಸೇರಿಕೊಳ್ಳುತ್ತಿತ್ತು. ಶುಕ್ರವಾರ ಬಂತೆಂದರೆ ಪಂಜರಕ್ಕೆಲ್ಲ ಹೂವಿನ ನೀರಿನ ಸಿಂಚನ, ಜುಮ್ಮಾದ ದಿನ ಯಾತ್ರೆ ಮುಗಿಸಿದವಳು ಘಮಘಮ ಎನ್ನಬೇಡವೇ? ಉಣ್ಣೆ ಒಣಗಲು ಪುರಸೊತ್ತೇ ಸಿಗಲಿಲ್ಲ. ಚಳಿ ಇಳಿಯುತ್ತಿದ್ದಂತೆ ಹಜ್ಜಾ ತಲೆಕೆಳಗಾಗಿ ನೇತುಬಿದ್ದು ಪೊರೆ ಕಳಚಿ ರೆಕ್ಕೆ ಬಿಚ್ಚಿದಳು. ಅವತ್ತು ಸಂತೋಷಕ್ಕೆ ಅರ್ಧ ಸೀಸೆ ಹೂವಿನ ನೀರು ಖರ್ಚಾಯಿತು.

ಆಮೇಲೆ ಬಿಸಿಲು ಏರಿತು. ಉಣ್ಣೆಯೊಳಗಿನ ಮಾಂಸ ಎಚ್ಚರಾಯಿತು.

ಮೊದಲು ಬಾಯಿಬಿಟ್ಟವಳು ಸಲ್ಲೂಹಾ. ಉಪ್ಪು ಕೇಳಲು ಬಂದವಳು ಅಂಗಳದ ನಡುವೆಯೇ ನಿಂತುಬಿಟ್ಟಳು.

"ಏನೇ ಮನ್ನೂಬಿಯಾ, ಮನೇಲಿ ಇಲಿ ಗಿಲಿ ಸತ್ತಿದ್ಯಾ?"

ಮನ್ನೂಬಿಯಾ ಮೂಗೆಳೆದಳು. ಗಾಳಿ ಬಂತು, ಗಾಳಿಯ ಜೊತೆ ಏನೂ ಬರಲಿಲ್ಲ. ಏನೋ ನಾರುತ್ತಿದೆ, ನಾದಿನಿಗೆ ಗೊತ್ತಾಗಿದೆ, ತನಗೆ ಗೊತ್ತಾಗಿಲ್ಲ. ಕಣ್ಣು ಅತ್ತಿತ್ತ ಓಡಾಡಿ ಪಂಜರದ ಮೇಲೆ ನಿಂತಿತು.

"ಓ, ಅದಾ? ಅದು ಹಜ್ಜಾದು ಕಣೇ. ರೆಕ್ಕೆ ಬಂದ್ಮೇಲೆ ಅದರ ಮೈಯಿಂದ ಒಂಥರಾ ಪರಿಮಳ ಬರತ್ತೆ, ಅಂಬರ್ ಅತ್ತರು ಇದ್ದ ಹಾಗೆ. ನಿನ್ನ ಮೂಗಿಗೆ ಅದೆಲ್ಲ ಎಲ್ಲಿ ತಿಳೀಬೇಕು."

"ಅಂಬರಾ?"

"ಅಂಬರೇ."

"ಬದುಕಿರೋ ಅಂಬರೋ, ಸತ್ತು ಮೂರು ದಿನ ಆಗಿರೋ ಅಂಬರೋ?" ಎಂದು ಕೇಳಿ ಸಲ್ಲೂಹಾ ಉಪ್ಪು ತೆಗೆದುಕೊಂಡು ಹೋದಳು. ಬಾಗಿಲಲ್ಲಿ ಒಮ್ಮೆ ತಿರುಗಿ ಅತ್ತಿಗೆಯ ಮುಖ ನೋಡಿದಳು. ಮನ್ನೂಬಿಯಾ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಒಂದು ಸುಳ್ಳು ಹೇಳಿದ ಮೇಲೆ ಅದಕ್ಕೆ ಊಟ ಬಟ್ಟೆ ಕೊಟ್ಟು ಸಾಕಬೇಕು. ಮರುದಿನ ಬಂದವರಿಗೂ ಅವಳು ಅಂಬರ್ ಎಂದೇ ಹೇಳಿದಳು. ತಮಾಷೆಯೆಂದರೆ ಜನ ನಂಬಿದರು. ಮನ್ನೂಬಿಯಾಳ ಮೂಗು ಅಂಬರ್ ಎಂದ ಮೇಲೆ ನಮ್ಮ ಮೂಗೇ ಸರಿಯಿಲ್ಲವೇನೋ ಎಂದು ಓಣಿಯ ಅರ್ಧ ಜನಕ್ಕೆ ಅನುಮಾನ ಬಂತು. ಬ್ರೆಡ್ ಸುಡುವವನ ಹೆಂಡತಿ ಬಿಯ್ಯಾ ಎಂಬ ಎಳೆಯ ಹುಡುಗಿ ಪಂಜರದ ಮುಂದೆ ಕೂತು, ಕಣ್ಣಲ್ಲಿ ನೀರು ಬರುವವರೆಗೂ ಉಸಿರೆಳೆದಳು. ಮನ್ನೂಬಿಯಾಳನ್ನು ಅವಳು ಖಾಲ್ತಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು.

"ಖಾಲ್ತಿ, ನೀವ್ ಹೇಳಿದ್ದು ನಿಜ. ಮೊದ್ಲು ಸ್ವಲ್ಪ ಬೇರೆ ಥರ ಇರತ್ತೆ. ಒದ್ದಾಡ್ಕೊಂಡು ಕೂತಿದ್ರೆ ಆಮೇಲೆ ಅಂಬರ್ ಬರತ್ತೆ."

"ಮತ್ತೆ? ಒಳ್ಳೇ ವಾಸನೆಗೆ ತಾಳ್ಮೆ ಬೇಕಮ್ಮ," ಎಂದಳು ಮನ್ನೂಬಿಯಾ. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

ಓಣಿ ಎರಡು ಪಕ್ಷವಾಯಿತು. ಅಂಬರ್ ಪಕ್ಷಕ್ಕೆ ಬಿಯ್ಯಾ ಮುಂದಾಳು, ಇಲಿ ಪಕ್ಷಕ್ಕೆ ಸಲ್ಲೂಹಾ. ಔಷಧಿ ಅಂಗಡಿಯವನನ್ನು ತೀರ್ಪಿಗೆ ಕರೆದರೆ ಆ ಜಾಣ ಬಾಗಿಲಲ್ಲೇ ನಿಂತು, "ಅಪರೂಪದ ವಾಸನೆ, ಇಂಥದ್ದು ನಾನು ಕಂಡೇ ಇಲ್ಲ," ಎಂದು ಹೇಳಿ ಎರಡೂ ಪಕ್ಷವನ್ನು ಖುಷಿಪಡಿಸಿ ಹೋದ. ಖಮೈಸ್‌ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ಹುಳ ಚೆನ್ನಾಗಿದೆ ಎನ್ನುತ್ತಿದ್ದ. ಹಜ್ಜಾ ಮಾತ್ರ ಈ ಗದ್ದಲಕ್ಕೆಲ್ಲ ಬೆನ್ನು ತಿರುಗಿಸಿ, ಆದಷ್ಟೂ ಪಂಜರದ ಮೇಲ್ಭಾಗಕ್ಕೆ ಹತ್ತಿ, ಮೂಲೆಯಲ್ಲಿ ಕೈಮುಗಿದು ನಿಂತಿರುತ್ತಿದ್ದಳು. ಅವಳು ಯಾವ ಪಕ್ಷವೆಂದು ಅದನ್ನು ನೋಡಿಯೇ ತಿಳಿಯಬಹುದಿತ್ತು.

ಅಷ್ಟರಲ್ಲಿ ಕಿತ್ತಳೆ ಹೂ ಬಿಟ್ಟಿತು. ಊರಿಗೆ ಊರೇ ಘಮಘಮಿಸುತ್ತಿದೆಯೆಂದು ಎಲ್ಲರೂ ಹೇಳುತ್ತಿದ್ದರು. ಮನ್ನೂಬಿಯಾ ಹೌದು ಹೌದು ಎನ್ನುತ್ತಿದ್ದಳು. ಮರದ ಕೆಳಗೆ ನಿಂತರೆ ಬಿಳಿ ಹೂವು ಕಾಣುತ್ತದೆ, ಜೇನ್ನೊಣದ ಸದ್ದು ಕೇಳುತ್ತದೆ, ಅಷ್ಟೇ. ಈ ಸಲ ಕಣ್ಣಲ್ಲೇ ನೋಡಿ ನಿಲ್ಲಿಸಬೇಕು ಎಂದು ಅವಳು ಲೆಕ್ಕ ಹಾಕಿದಳು. ಬುದ್ದಲಿ ಕುತ್ತಿಗೆಯವರೆಗೆ ಬಂದಾಗ ಸಾಕು ಎಂದರಾಯಿತು. ಆದರೆ ಪ್ರತಿ ವರ್ಷದ ಹೂವೂ ಒಂದೇ ಅಲ್ಲ, ಮಳೆ ಬಿದ್ದ ವರ್ಷದ್ದು ಬೇರೆ, ಬಿಸಿಗಾಳಿ ಬೀಸಿದ ವರ್ಷದ್ದು ಬೇರೆ. ಕಣ್ಣಿಗೆ ಅದು ತಿಳಿಯುವುದಿಲ್ಲ ಎಂದು ಅವಳಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ.

ಮೊದಲ ಹಂಡೆ ರಕ್ತಸಂಬಂಧದವರದು ಎಂಬುದು ರೂಢಿ. ಆದ್ದರಿಂದ ಸಲ್ಲೂಹಾಳ ಹೂವು ಮೊದಲು ಬಂತು. ನಸುಕಿನಲ್ಲೇ ಬಿಡಿಸಿದ ಹೂವು, ಬಿಳಿ ಪಂಚೆಯ ಮೇಲೆ ಹರಡಿ, ಎಲೆ ತೊಟ್ಟು ಆರಿಸಿ, ಹಂಡೆಗೆ ಹಾಕಿದ್ದಾಯಿತು. ಖಮೈಸ್ ಉರಿ ಹಾಕಿದ. ಅವನ ನಶ್ಯದ ಡಬ್ಬಿ ಎಂದಿನಂತೆ ಬೀದಿಬಾಗಿಲ ಹೊರಗಿನ ಮೊಳೆಗೆ ನೇತುಬಿತ್ತು. ಹೂವಿನ ನೀರು ಬಲು ಮತ್ಸರಿ, ಪಕ್ಕದಲ್ಲಿ ಇನ್ನೊಂದು ವಾಸನೆ ಇದ್ದರೆ ಅದನ್ನೂ ಎಳೆದುಕೊಂಡು ಕೆಡುತ್ತದೆ. ಹಾಗಾಗಿ ಹಂಡೆ ಏರಿದ ದಿನ ಓಣಿಯಲ್ಲಿ ಯಾರೂ ಮೀನು ಹುರಿಯುವುದಿಲ್ಲ, ಈರುಳ್ಳಿ ತಿಂದವರು ಅಂಗಳಕ್ಕೆ ಕಾಲಿಡುವುದಿಲ್ಲ. ಈ ಕಟ್ಟಳೆಗಳನ್ನೆಲ್ಲ ಜನರ ತಲೆಯ ಮೇಲೆ ಹೊಡೆದು ಕಲಿಸಿದವಳು ಮನ್ನೂಬಿಯಾಳೇ. ಅವಳು ಮಣೆಯ ಮೇಲೆ ಕೂತು ಕಣ್ಣು ಮುಚ್ಚಿದಳು. ಹೆಂಗಸರೆಲ್ಲ ಸುತ್ತ ಕೂತರು.

ಆಗ ಬಿಯ್ಯಾ ಪಂಜರವನ್ನು ಎದೆಗೆ ಅವಚಿಕೊಂಡು ಬಂದಳು.

"ಖಾಲ್ತಿ, ಹಜ್ಜಾನ ಆಚೆ ಜಗುಲಿ ಮೇಲೆ ಬಿಟ್ಟಿದ್ದೀರಲ್ಲ. ಮೊದಲನೇ ನೀರಿಗೆ ಅವಳ ಪರಿಮಳ ಸೋಕ್ಲಿ ಅಂತ ತಂದೆ. ಅಂಬರೂ ಹೂವೂ ಸೇರಿದ್ರೆ ಎಷ್ಟು ಚೆನ್ನಾಗಿರತ್ತೆ."

ಹೆಂಗಸರಲ್ಲಿ ಇಬ್ಬರು ಮೆಲ್ಲಗೆ ಸೆರಗಿನ ತುದಿಯನ್ನು ಮೂಗಿಗೆ ಒಯ್ದರು. ಮನ್ನೂಬಿಯಾ ಕಣ್ಣು ಬಿಟ್ಟಳು. ತೆಗೆದುಕೊಂಡು ಹೋಗು ಎನ್ನಲು ಬಾಯಿ ತೆರೆದಳು, ಮುಚ್ಚಿದಳು. ಹೋಗು ಎಂದರೆ ಅದು ನಾರುತ್ತದೆ ಎಂದು ಒಪ್ಪಿಕೊಂಡ ಹಾಗೆ. ಇರಲಿ ಎಂದರೆ ನೀರು ಕೆಡುತ್ತದೆ. ಬೆಕ್ಕಿಗೆ ಗಂಟೆ ಕಟ್ಟಲು ಹೋಗಿ ತನ್ನ ಕೊರಳಿಗೇ ಕಟ್ಟಿಕೊಂಡಂತಾಗಿತ್ತು.

ಸಲ್ಲೂಹಾ ತಣ್ಣಗೆ ಹೇಳಿದಳು. "ಅಲ್ಯಾಕೆ ನಿಂತಿದ್ದೀಯ ಬಿಯ್ಯಾ, ಹತ್ರ ತಾ. ಕೊಳವೆ ಪಕ್ಕಕ್ಕೇ ಇಡು. ಅಂಬರ್ ಅಲ್ವಾ, ಏನಾಗತ್ತೆ."

"ನಿನ್ನ ಹೂವು ಕಣೇ ಅದು," ಎಂದಳು ಮನ್ನೂಬಿಯಾ.

"ಹೌದು, ನನ್ನ ಹೂವು. ನಿನ್ನ ಮೂಗು. ನೀನು ಹೇಳಿದ ಹಾಗೆ."

ಬಿಯ್ಯಾ ಪಂಜರವನ್ನು ಬುದ್ದಲಿಯ ಪಕ್ಕದಲ್ಲಿಟ್ಟಳು. ಹಂಡೆಯೊಳಗೆ ನೀರು ಗುನುಗತೊಡಗಿತ್ತು. ಕೊಳವೆಯ ತುದಿಯಲ್ಲಿ ಮೊದಲ ಹನಿ ಕೂಡುತ್ತಿತ್ತು, ದಪ್ಪವಾಗುತ್ತಿತ್ತು. ಮನ್ನೂಬಿಯಾ ಆ ಹನಿಯನ್ನೇ ನೋಡಿದಳು. ವರ್ಷಕ್ಕೊಮ್ಮೆ ಬರುವ ಹೂವು ಅದು. ಜನಕ್ಕೆ ಹೇಳಿದ ಸುಳ್ಳು ಹೇಗೋ ಜೀರ್ಣವಾಗುತ್ತದೆ, ನೀರಿಗೆ ಹೇಳಿದ್ದು ವರ್ಷವಿಡೀ ಸೀಸೆಯಲ್ಲಿ ಕೂತು ನಾರುತ್ತದೆ. ಮಣೆ ಕೊಡುವಾಗ ಅತ್ತೆ ಸೊಸೆಯನ್ನು ನಂಬಿ ಕೊಟ್ಟಿದ್ದಳು, ಮೂಗನ್ನಷ್ಟೇ ಅಲ್ಲ.

ಅವಳು ಎದ್ದು ಬುದ್ದಲಿಯನ್ನು ಕೊಳವೆಯಿಂದ ಸರಿಸಿದಳು. ಮೊದಲ ಹನಿ ನೆಲಕ್ಕೆ ಬಿತ್ತು.

"ಬಿಯ್ಯಾ, ಪಂಜರ ಆಚೆ ತಗೊಂಡ್ಹೋಗು."

"ಯಾಕ್ ಖಾಲ್ತಿ, ಅಂಬರ್ ಅಂತ ನೀವೇ..."

"ಅಂಬರೂ ಇಲ್ಲ, ಎಂಥದೂ ಇಲ್ಲ. ಅದು ಹೇಗೆ ನಾರತ್ತೆ ಅಂತ ನಂಗೆ ಗೊತ್ತಿಲ್ಲ. ಚಳಿಗಾಲದಲ್ಲಿ ಜ್ವರ ಬಂತಲ್ಲ, ಅವತ್ತಿಂದ ನಂಗೆ ಯಾವ ವಾಸನೇನೂ ಗೊತ್ತಾಗ್ತಿಲ್ಲ. ಈ ಹೂವಿಂದೂ ಗೊತ್ತಾಗ್ತಿಲ್ಲ. ನಿಮಗೆಲ್ಲ ಸುಳ್ಳು ಹೇಳಿದೆ."

ಬಿಯ್ಯಾ ಪಂಜರ ಹಿಡಿದುಕೊಂಡೇ ನಿಂತಿದ್ದಳು.

"ಹಾಗಾದ್ರೆ ಖಾಲ್ತಿ, ನಂಗೆ ಬಂದಿದ್ದು ಏನು?"

"ಅದು ಇಲೀನೇ ಕಣಮ್ಮ," ಎಂದಳು ಸಲ್ಲೂಹಾ. "ಆಚೆ ಇಟ್ಟು ಬಾ, ಹೋಗು."

ಮನ್ನೂಬಿಯಾ ಮಣೆಯನ್ನು ಕಾಲಿನಿಂದ ನಾದಿನಿಯ ಕಡೆ ಸರಿಸಿದಳು. ಅವಳಿಗೆ ತಲೆ ಎತ್ತಲಾಗಲಿಲ್ಲ. "ಕೂತ್ಕೋ. ನಿಮ್ಮಮ್ಮ ನಿಂಗೇ ಕೊಡಬೇಕಿತ್ತು. ಈಗ ತಗೋ."

ಸಲ್ಲೂಹಾ ಮಣೆ ಮುಟ್ಟಲಿಲ್ಲ. "ನಂಗೆ ಅವತ್ತೇ ಗೊತ್ತಾಯ್ತು ಕಣೇ. ಜ್ವರ ಬಿಟ್ಟು ಎದ್ದಾಗ ನಾನು ಖರ್ಜೂರದ ಮಕ್ರೂಡ್ ತಂದಿದ್ದೆ, ನೆನಪಿದ್ಯಾ? ನನ್ನ ಸೊಸೆ ಎರಡು ತಿಂಗಳ ಹಿಂದಿನ ಎಣ್ಣೇಲಿ ಕರಿದಿದ್ಲು. ನಮ್ಮನೆ ಕತ್ತೆ ಕೂಡ ಮೂಸಿ ನೋಡಿ ಹಿಂದೆ ಸರೀತು. ನೀನು ತಿಂದು, ಚೆನ್ನಾಗಿದೆ ಸಲ್ಲೂಹಾ ಅಂದೆ. ಮದುವೆಯಾಗಿ ಈ ಮನೆಗೆ ಬಂದಾಗಿಂದ ನೀನು ನಂಗೆ ಒಂದು ಒಳ್ಳೇ ಮಾತು ಆಡಿದವಳಲ್ಲ. ಮನೆಗೆ ಹೋಗಿ ಅತ್ತುಬಿಟ್ಟೆ ಕಣೇ. ಇವಳಿಗೆ ಏನೋ ದೊಡ್ಡದೇ ಆಗಿದೆ ಅಂತ."

"ಗೊತ್ತಿದ್ದೂ ಹೇಳ್ಲಿಲ್ಲ?"

"ನೀನ್ ಹೇಳ್ಲಿ ಅಂತ ಕಾಯ್ತಿದ್ದೆ. ಇಲಿ ಇಲಿ ಅಂತ ದಿನಾ ಚುಚ್ಚಿದ್ದು ಮತ್ಯಾಕೆ? ನೀನೋ, ಅಂಬರ್ ಅಂತ ಕೂತೆ. ಇವತ್ತು ನನ್ನ ಹೂವು ಹೋದ್ರೆ ಹೋಗ್ಲಿ, ಬಾಯಿ ಬಿಡಿಸ್ತೀನಿ ಅಂತಾನೇ ಬಂದೆ." ಅವಳು ಗೋಡೆಯ ಹತ್ತಿರವಿದ್ದ ಇನ್ನೊಂದು ಮಣೆಯನ್ನು ಎಳೆದು ಕೊಳವೆಯ ಆ ಕಡೆಗೆ ಹಾಕಿಕೊಂಡಳು. "ನೀನು ನಿನ್ನ ಜಾಗದಲ್ಲಿ ಕೂತ್ಕೋ. ಮೂಗು ನಂದು ಇದೆ. ಯಾವಾಗ ಸಾಕು ಅನ್ನೋದು ನಂಗೆ ಗೊತ್ತಿಲ್ಲ, ಅದು ನಿಂಗೆ ಗೊತ್ತಿದೆ. ಬುದ್ದಲಿ ಇಡು ಬೇಗ, ನನ್ನ ನೀರು ನೆಲ ಕುಡೀತಿದೆ."

ಮನ್ನೂಬಿಯಾ ಕೂತಳು. ಬುದ್ದಲಿ ಇಟ್ಟಳು. ಹನಿಗಳು ಬೀಳತೊಡಗಿದವು.

"ಹೇಗಿದೆ?" ಎಂದು ಕೇಳಿದಳು.

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ಏನೇ ಅರ್ಥ? ಮೂಗು ಇಟ್ಕೊಂಡು ಹೀಗಾ ಹೇಳೋದು. ಎಲೆ ಮುರಿದ್ರೆ ಬರತ್ತಲ್ಲ, ಆ ಹಸಿ ಇದ್ಯಾ?"

"ಇದೆ."

"ಅದರ ಹಿಂದೆ?"

ಸಲ್ಲೂಹಾ ಕಣ್ಣು ಮುಚ್ಚಿದಳು. ಇಂಥ ಪ್ರಶ್ನೆ ಅವಳ ಮೂಗಿಗೆ ಯಾರೂ ಕೇಳಿರಲಿಲ್ಲ, ಅವಳ ಅಮ್ಮ ಕೂಡ. "ಜೇನು. ಅಲ್ಲ, ಜೇನಲ್ಲ. ಜೇನಿನ ಮೇಣ."

"ಸರಿ. ಕೂತಿರು."

ಖಮೈಸ್ ನೆತ್ತಿಯ ನೀರು ಬದಲಾಯಿಸಿದ. ಹೆಂಗಸರು ಇವರಿಬ್ಬರನ್ನೇ ನೋಡುತ್ತಿದ್ದರು. ಬುದ್ದಲಿ ಏರುತ್ತಾ ಬಂತು.

"ಈಗ?"

"ಎಲೆ ಹೋಯ್ತು. ಕೂಸಿನ ತಲೆ ಮೂಸಿದ ಹಾಗಿದೆ."

"ಎಣ್ಣೆ ಹಚ್ಚಿದ ತಲೆಯೋ, ನೀರು ಹಾಕಿದ ತಲೆಯೋ?"

"ನೀರು ಹಾಕಿ ಬಿಸಿಲಲ್ಲಿ ಒಣಗ್ತಿರೋ ತಲೆ."

ಮನ್ನೂಬಿಯಾಳ ಮುಖ ಅರಳಿತು. ಆ ವಾಸನೆ ಮೂಗಿಗೆ ಬರಲಿಲ್ಲ, ಆದರೆ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು, ಮನೆಯ ಕತ್ತಲಲ್ಲಿ ದೀಪ ಎಲ್ಲಿದೆ ಎಂದು ಗೊತ್ತಿರುವ ಹಾಗೆ. "ಇನ್ನು ಸ್ವಲ್ಪ ಹೊತ್ತು. ದೂರದಲ್ಲಿ ಎಲ್ಲೋ ಸೊಪ್ಪು ಬೇಯ್ತಿದೆ ಅನ್ಸಿದ ತಕ್ಷಣ ಹೇಳು. ಹತ್ರ ಬರೋವರೆಗೂ ಕಾಯ್ಬೇಡ."

ಸಲ್ಲೂಹಾ ಮೂಗನ್ನು ಕೊಳವೆಗೆ ತಾಗಿಸಿದಂತೆ ಕೂತಳು. ಒಮ್ಮೆ ಹುಬ್ಬು ಗಂಟಿಕ್ಕಿದಳು, ಮತ್ತೆ ಸಡಿಲಿಸಿದಳು. ಆಮೇಲೆ ಮೆಲ್ಲಗೆ, "ಪಕ್ಕದ ಓಣಿಯಲ್ಲಿ ಯಾರೋ ಸೊಪ್ಪು ಬೇಯಿಸ್ತಿದ್ದಾರೆ," ಎಂದಳು.

"ಸಾಕು," ಎಂದಳು ಮನ್ನೂಬಿಯಾ.

ಆ ವರ್ಷದ ನೀರನ್ನು ಓಣಿಯವರು ಈಗಲೂ ಹೊಗಳುತ್ತಾರೆ. ಅಷ್ಟು ಚೆನ್ನಾಗಿತ್ತೋ ಅಥವಾ ಇಬ್ಬರೂ ಜಗಳವಿಲ್ಲದೆ ಇಳಿಸಿದರು ಎಂಬ ಆಶ್ಚರ್ಯಕ್ಕೆ ಹೊಗಳುತ್ತಾರೋ ಹೇಳುವುದು ಕಷ್ಟ.

ಹಂಡೆ ಇಳಿಸಿದ ಮೇಲೆ ಇಬ್ಬರೂ ಪಂಜರದ ಕೆಲಸಕ್ಕೆ ಕೂತರು. ಸಲ್ಲೂಹಾ ಮೂಗಿಗೆ ಬಟ್ಟೆ ಕಟ್ಟಿಕೊಂಡು ಉಣ್ಣೆಯ ಮೆತ್ತೆ ಎತ್ತಿದಳು. ಅಡಿಯಲ್ಲಿ ಇಡೀ ಚಳಿಗಾಲದ ಒಣಮಾಂಸದ ಎಳೆಗಳು, ನೊಣದ ರೆಕ್ಕೆಗಳು, ಬೂಷ್ಟು, ಎಲ್ಲ ಸೇರಿ ಕಪ್ಪು ಪಾಯಸವಾಗಿತ್ತು.

"ಹೇಗೆ ನಾರತ್ತೆ, ಹೇಳೇ," ಎಂದು ಮನ್ನೂಬಿಯಾ ಆಸೆಯಿಂದ ಕೇಳಿದಳು. ವಾಸನೆಗಾಗಿ ಅವಳು ಅಷ್ಟು ಹಸಿದಿದ್ದಳು.

"ಏನ್ ಹೇಳ್ಲಿ. ಮದುಮಗಳಿಗೆ ಅತ್ತರು ಹಚ್ಚಿ ಮೀನಿನ ಬುಟ್ಟೀಲಿ ಕೂರಿಸಿ, ಬಿಸಿಲಲ್ಲಿ ಮೆರವಣಿಗೆ ಮಾಡಿದ ಹಾಗೆ. ಮೆರವಣಿಗೆ ನಾಲ್ಕು ದಿನ."

ಮನ್ನೂಬಿಯಾ ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. "ಇನ್ನೊಂದ್ಸಲ ಹೇಳು," ಎಂದಳು.

ಸಲ್ಲೂಹಾ ಮೆತ್ತೆಯನ್ನು ಒಲೆಗೆ ಎಸೆದು, ಕೈ ತೊಳೆದು, ಹಜ್ಜಾಳನ್ನು ಬೆರಳ ಮೇಲೆ ಹತ್ತಿಸಿಕೊಂಡು ಮೂಗಿನ ಹತ್ತಿರ ಹಿಡಿದಳು. ಹಜ್ಜಾ ಆ ಮೂಗನ್ನು ಎರಡು ಸಲ ದಿಟ್ಟಿಸಿ, ಮುಂಗಾಲು ಚಾಚಿ ಅದರ ತುದಿಯನ್ನೇ ಹಿಡಿದಳು. ಬಿಡಿಸಿಕೊಳ್ಳುವಷ್ಟರಲ್ಲಿ ಸಲ್ಲೂಹಾಳ ಮುಖ ಕೆಂಪಾಗಿತ್ತು.

"ಇ‍ವಳಿಗೆ ವಾಸನೇನೇ ಇಲ್ಲ ಕಣೇ, ಪಾಪ. ಒಂದು ಚೂರೂ ಇಲ್ಲ. ನಾರ್ತಿದ್ದಿದ್ದೆಲ್ಲ ನಿನ್ನ ಉಪಚಾರ."

ಹಜ್ಜಾಳನ್ನು ಕಿತ್ತಳೆ ಮರಕ್ಕೆ ಬಿಟ್ಟರು. ಅವಳು ಕೊಂಬೆಯ ತುದಿಗೆ ಹತ್ತಿ, ಹೂವಿಗೆ ಬಂದ ಜೇನ್ನೊಣವನ್ನು ಹಿಡಿದು ತಿಂದು, ಕೈಮುಗಿದು ನಿಂತಳು. ಈ ಸಲ ಮುಖ ಪಶ್ಚಿಮಕ್ಕಿತ್ತು. ಆಗ ಸಂಜೆಬಿಸಿಲು. ಯಾರೂ ಅದನ್ನು ಎತ್ತಿ ಆಡಲಿಲ್ಲ.

ಹೂವಿನ ಕಾಲ ಮುಗಿದ ಮೇಲೆ ಸಲ್ಲೂಹಾ ಒಂದು ತಟ್ಟೆ ಮಕ್ರೂಡ್ ಮಾಡಿಕೊಂಡು ಬಂದಳು. ಎಣ್ಣೆಯನ್ನು ಆ ಬೆಳಿಗ್ಗೆ ತಾನೇ ಖಮೈಸ್ ತಂಗಿಗೆಂದು ಗಾಣದಿಂದ ಹೊತ್ತು ತಂದಿದ್ದ, ಅದು ಮನ್ನೂಬಿಯಾಳಿಗೆ ಗೊತ್ತಿತ್ತು. ಅವಳು ಒಂದನ್ನು ಬಾಯಿಗಿಟ್ಟುಕೊಂಡಳು. ಸಿಹಿ ಇತ್ತು, ಮೆತ್ತಗಿತ್ತು. ಅದರಾಚೆಗೆ ಏನೂ ಇರಲಿಲ್ಲ. ವಾಸನೆ ಮರಳಿ ಬರಬಹುದು, ಬಾರದೆಯೂ ಇರಬಹುದು ಎಂದು ಆಮೇಲೆ ತೋರಿಸಿದ ವೈದ್ಯರು ಹೇಳಿದ್ದರು. ಇನ್ನೂ ಬಂದಿರಲಿಲ್ಲ.

ಸಲ್ಲೂಹಾ ಅವಳ ಮುಖವನ್ನೇ ನೋಡುತ್ತಿದ್ದಳು. "ಹೇಗಿದೆ?"

ಮನ್ನೂಬಿಯಾ ನಿಧಾನವಾಗಿ ಅಗಿದು ನುಂಗಿದಳು. ಮೂಗು ಮುರಿದಳು.

"ಎಣ್ಣೆ ಹಳೇದು. ರವೆ ಹಸಿ ಹಸಿ. ಖರ್ಜೂರಕ್ಕೆ ದಾಲ್ಚಿನ್ನಿ ಸುರಿದುಬಿಟ್ಟಿದ್ದೀಯ. ನಿಮ್ಮಮ್ಮ ಇದ್ದಿದ್ರೆ ತಟ್ಟೆ ಸಮೇತ ಬೀದಿಗೆ ಎಸೀತಿದ್ರು."

ಸಲ್ಲೂಹಾ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ತಟ್ಟೆಯನ್ನು ಅತ್ತಿಗೆಯ ಕಡೆಗೆ ಇನ್ನಷ್ಟು ತಳ್ಳಿದಳು.

"ಇನ್ನೊಂದು ತಿನ್ನು," ಎಂದಳು.